ಕೋಡಿ ಬಿದ್ದಿದ್ಯಾ, ನೋಡ್ಕೊಂಡು ಬನ್ನಿ

"ಮಾರಿಕಣಿವೆ ತುಂಬಿ ಕೋಡಿ ಬಿತ್ತು ಅಂತ ಟೀವೀಲಿ ತೋರಿಸ್ತಾ ಇದಾರೆ. ಹಾಗಾದ್ರೆ ನಮ್ಮ ಅಯ್ಯನಕೆರೆ ಎಂದೋ ತುಂಬಿರಬೇಕು, ಅಲ್ವೇನ್ರಪ್ಪಾ?"

2022ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ, ಮೈಸೂರಿನಲ್ಲಿ ನನ್ನ ಗೆಳೆಯನ ಮನೆಯ ಪಡಸಾಲೆಯಲ್ಲಿ ಕೂತು ಅವನ ತಾಯಿ ಕೇಳಿದ ಪ್ರಶ್ನೆ ಇದು. ಅವರಿಗೆ ಆಗ ಎಂಬತ್ತೆಂಟು ವರ್ಷ. ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಅಯ್ಯನಕೆರೆ ನೀರಿನ ಗದ್ದೆಗಳ ನಡುವೆ ಬೆಳೆದವರು. ಮದುವೆಯಾಗಿ ಮೈಸೂರಿಗೆ ಬಂದರು. ತವರಿನ ಕೆರೆಯನ್ನು ಕೊನೆಯ ಸಲ ನೋಡಿ ಮೂವತ್ತು ವರ್ಷದ ಮೇಲಾಗಿತ್ತು. ಈಗ ಮೊಣಕಾಲು ಬಗ್ಗುವುದಿಲ್ಲ. ಕಾರಿನಲ್ಲಿ ಒಂದು ಗಂಟೆ ಕೂತರೆ ಮೂರು ದಿನ ಮಲಗಬೇಕು.

ಅಲ್ಲೇ ಹೋಂವರ್ಕ್ ಮಾಡುತ್ತಿದ್ದ ಮರಿಮೊಮ್ಮಗಳಿಗೆ ಈ ಮಾತು ಒಗಟಿನಂತೆ ಕಂಡಿತು. "ಮಾರಿಕಣಿವೆ ಇರೋದು ಹಿರಿಯೂರಿನ ಹತ್ತಿರ. ಅಯ್ಯನಕೆರೆ ಚಿಕ್ಕಮಗಳೂರಿನ ಹತ್ತಿರ. ಅದು ತುಂಬಿದ್ರೆ ಇದು ತುಂಬಿದೆ ಅಂತ ಹೇಗೆ ಗೊತ್ತಾಗುತ್ತಜ್ಜಿ?"

ಅಜ್ಜಿ ಲೋಟದ ನೀರಿನಲ್ಲಿ ಬೆರಳು ಅದ್ದಿ ಕೆಂಪು ನೆಲದ ಮೇಲೆ ಗೆರೆ ಎಳೆದರು. "ಇದು ಬಾಬಾಬುಡನ್‌ಗಿರಿ. ಇಲ್ಲಿಂದ ಒಂದು ಹೊಳೆ ಇಳಿಯುತ್ತೆ, ಅದು ವೇದಾ. ಇನ್ನೊಂದು ಇಳಿಯುತ್ತೆ, ಅದು ಆವತಿ. ವೇದಾ ಬಂದು ಅಯ್ಯನಕೆರೆ ತುಂಬಿಸುತ್ತೆ, ಆವತಿ ಮದಗದಕೆರೆ ತುಂಬಿಸುತ್ತೆ. ಅಕ್ಕತಂಗೀರು ಕೋಡಿ ಹರಿದು ಕಡೂರಿನ ಹತ್ತಿರ ಒಂದಾಗ್ತಾರೆ. ಆಗ ಹೆಸರು ವೇದಾವತಿ. ಆ ವೇದಾವತಿಗೆ ಕಟ್ಟಿರೋ ಅಣೆಕಟ್ಟೇ ಮಾರಿಕಣಿವೆ. ಮೇಲಿನ ಮನೆ ಕೊಡ ತುಂಬಿ ಚೆಲ್ಲಿದ್ರೆ ತಾನೇ ಕೆಳಗಿನ ಮನೆಗೆ ನೀರು?"

ನೆಲದ ಮೇಲಿನ ಹೊಳೆ ಒಣಗುವ ಮೊದಲೇ ನನ್ನ ಗೆಳೆಯ ತೀರ್ಮಾನ ಮಾಡಿಬಿಟ್ಟಿದ್ದ. "ಅಮ್ಮಾ, ನಾವಿಬ್ಬರೂ ಹೋಗಿ ನೋಡ್ಕೊಂಡು ಬರ್ತೀವಿ. ಫೋಟೋ ತಂದು ನಿನ್ನ ಕೈಗೆ ಕೊಡ್ತೀನಿ."

"ಫೋನಿನೊಳಗಿನ ಫೋಟೋ ಬೇಡಪ್ಪಾ," ಎಂದರು ಅಮ್ಮ. "ಬೆರಳು ತಾಗಿದ್ರೆ ಓಡಿಹೋಗುತ್ತೆ. ಕೈಲಿ ಹಿಡ್ಕೊಳ್ಳೋ ಅಂಥದ್ದು ತಾ. ಕೋಡಿ ಬಿದ್ದಿದ್ಯಾ, ನೋಡ್ಕೊಂಡು ಬನ್ನಿ."

ಒಂದು ಯೆಜ್ಡಿ, ಒಂದು ರೀಲು

ಗೆಳೆಯ ತನ್ನ ಹೆಸರು ಹಾಕಬೇಡ ಎಂದಿದ್ದಾನೆ. ಮುಂದೆ ಓದಿದರೆ ಕಾರಣ ನಿಮಗೇ ತಿಳಿಯುತ್ತದೆ. ಆದರೆ ಅವನ ಮೋಟಾರ್ ಸೈಕಲ್ಲಿನ ಹೆಸರು ಹೇಳಲು ಅಡ್ಡಿಯಿಲ್ಲ. ಅದು ಯೆಜ್ಡಿ. ಇಂದಿನ ಅಜ್ಜಂದಿರಿಗೆ ಆ ಹೆಸರು ಕೇಳಿದರೆ ಸಾಕು, ಕಿವಿಯಲ್ಲಿ 'ಡುಗ್ ಡುಗ್' ಶುರುವಾಗುತ್ತದೆ. ಮಕ್ಕಳಿಗೆ ಸ್ವಲ್ಪ ವಿವರ ಹೇಳಬೇಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. 1961ರಲ್ಲಿ ಅಲ್ಲಿ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು. ಮುಂದೆ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ದೇಶವೆಲ್ಲ ಓಡಾಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ಸೈಲೆನ್ಸರ್, ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಕುಡಿಸಬೇಕಾದ ಎಂಜಿನ್. ಎಲ್ಲಕ್ಕಿಂತ ಮಜಾ ಎಂದರೆ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಗಾಡಿ ಚಾಲೂ ಆದ ಮೇಲೆ ಅದನ್ನೇ ಮುಂದಕ್ಕೆ ಬಾಗಿಸಿದರೆ ಗೇರ್ ಆಗುತ್ತದೆ.

ಕ್ಯಾಮೆರಾ ಕೂಡ ಗಾಡಿಯ ವಯಸ್ಸಿನದೇ. ರೀಲು ಹಾಕಿ ತೆಗೆಯುವಂಥದ್ದು. ಒಂದು ರೀಲಿಗೆ ಮೂವತ್ತಾರು ಚಿತ್ರ. ತೆಗೆದ ಕೂಡಲೇ ನೋಡುವಂತಿಲ್ಲ, ಅಳಿಸುವಂತಿಲ್ಲ. ಗೆಳೆಯ ಒಂದು ಕಾನೂನು ಮಾಡಿದ: "ನಾಲ್ಕು ದಿನ, ಒಂದು ರೀಲು. ಫೋನಿನಲ್ಲಿ ಒಂದು ಚಿತ್ರವೂ ತೆಗೆಯಬಾರದು. ಎಣಿಸಿ ತೆಗೆದರೆ ಮಾತ್ರ ಕಣ್ಣು ಸರಿಯಾಗಿ ನೋಡೋದು." ನಾನು ಒಪ್ಪಿದೆ. ಪ್ರತಿ ಚಿತ್ರದ ವಿವರವನ್ನು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ನನ್ನದು. ಇನ್ನೊಂದು ರೀಲು 'ಇರಲಿ' ಎಂದು ಚೀಲದ ತಳಕ್ಕೆ ಹೋಯಿತು.

ಹೊರಡುವ ದಿನ ಬೆಳಿಗ್ಗೆ ಅಮ್ಮ ಚಕ್ಕುಲಿ ಡಬ್ಬ ಕೊಡುತ್ತಿದ್ದರು, ಮಳೆಕೋಟು ಎಲ್ಲಿ ಎಂದು ವಿಚಾರಿಸುತ್ತಿದ್ದರು. ಅವರಿಗೆ ಉತ್ತರ ಕೊಡುತ್ತಲೇ ಗೆಳೆಯ ಕ್ಯಾಮೆರಾಕ್ಕೆ ರೀಲು ಹಾಕಿ ಮುಚ್ಚಳ ಮುಚ್ಚಿದ. ಈ ಸಂಗತಿ ನೆನಪಿನಲ್ಲಿರಲಿ.

ಹಾಸನ, ಬೇಲೂರು ದಾಟಿ ಚಿಕ್ಕಮಗಳೂರಿಗೆ ಸುಮಾರು 180 ಕಿಲೋಮೀಟರು. ಅರವತ್ತು ದಾಟಿದ ಇಬ್ಬರು, ನಡುವೆ ಒಂದು ಚೀಲ. ಬೇಲೂರು ಬಿಟ್ಟ ಮೇಲೆ ಮಳೆ ಹಿಡಿಯಿತು, ಗಾಡಿ ಕೆಮ್ಮಿ ನಿಂತಿತು. ಗೆಳೆಯ ಮರದ ಕೆಳಗೆ ಕೂತು ಪ್ಲಗ್ ಬಿಚ್ಚಿ, ಕರಿ ಹಿಡಿದಿದ್ದ ಅದರ ಬಾಯಿಯನ್ನು ಉಪ್ಪುಕಾಗದದಿಂದ ತಿಕ್ಕಿ ಹಾಕಿದ. ಮೂರನೇ ಒದೆತಕ್ಕೆ ಚಾಲೂ ಆಯಿತು. ಆ ಹೊತ್ತಿಗೆ ಚಕ್ಕುಲಿ ಡಬ್ಬ ಅರ್ಧ ಖಾಲಿಯಾಗಿತ್ತು.

ಅಯ್ಯನಕೆರೆಯ ಬೆಳಗು

ಚಿಕ್ಕಮಗಳೂರಿನಿಂದ ಕಡೂರಿನ ರಸ್ತೆಯಲ್ಲಿ ಸಿಗುವ ಊರೇ ಸಖರಾಯಪಟ್ಟಣ. ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ಅಯ್ಯನಕೆರೆ. ಎರಡನೆಯ ದಿನ ಸೂರ್ಯ ಹುಟ್ಟುವ ಮೊದಲೇ ಏರಿಯ ಮೇಲೆ ನಿಂತಿದ್ದೆವು. ಎದುರಿಗೆ ಶಕುನಗಿರಿ ಬೆಟ್ಟ, ಅದರ ಬುಡದವರೆಗೂ ನೀರು. ಬೆಟ್ಟದ ತುದಿ ಮೋಡದಲ್ಲಿ, ಬೆಟ್ಟದ ನೆರಳು ನೀರಿನಲ್ಲಿ.

ಇದು ಕಟ್ಟಿದ ಕೆರೆ ಎಂದರೆ ನಂಬುವುದು ಕಷ್ಟ. ಸಖರಾಯಪಟ್ಟಣವನ್ನು ಆಳುತ್ತಿದ್ದ ರುಕ್ಮಾಂಗದರಾಯ ಕಟ್ಟಿಸಿದ ಎಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದು ಜೀರ್ಣೋದ್ಧಾರವಾಯಿತು ಎನ್ನುತ್ತಾರೆ. ಯಂತ್ರಗಳಿಲ್ಲದ ಕಾಲದಲ್ಲಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ, ತುಳಿದು ಗಟ್ಟಿ ಮಾಡಿ, ನೀರಿನ ಕಡೆಗೆ ಕಲ್ಲು ಹೊದಿಸಿ ಕಟ್ಟಿದ ಗೋಡೆ ಈ ಏರಿ. ಅಲೆ ಬಂದು ಬಡಿದರೂ ಮಣ್ಣು ಕರಗದಂತೆ ಆ ಕಲ್ಲುಗಳು ತಡೆಯುತ್ತವೆ. ಏರಿಯ ಒಳಗಿಂದ ಗದ್ದೆಗೆ ನೀರು ಬಿಡಲು ಇರುವ ಬಾಗಿಲು ತೂಬು. ತೂಬಿನ ನೀರು ಮುಟ್ಟುವ ಜಮೀನೆಲ್ಲ ಅಚ್ಚುಕಟ್ಟು. ಕೆರೆಯ ಹೊಟ್ಟೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಗೆ ಅಪಾಯ ಮಾಡದೆ ಹೊರಗೆ ಹೋಗಲು ಮಾಡಿದ ದಾರಿಯೇ ಕೋಡಿ.

ಮತ್ತು ಕೋಡಿ ಬಿದ್ದಿತ್ತು! ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿಸಿತು. ಹತ್ತಿರ ಹೋದರೆ ಕಲ್ಲಿನ ಹಾಸಿನ ಮೇಲೆ ನೀರು ಬಿಳಿ ಸೀರೆ ಹಾಸಿದಂತೆ ಇಳಿಯುತ್ತಿತ್ತು.

ಗೆಳೆಯ ಅಲ್ಲಿ ನನಗೊಂದು ಪಾಠ ಮಾಡಿದ. ಕ್ಯಾಮೆರಾದ ಕಣ್ಣು ಎಷ್ಟು ಹೊತ್ತು ತೆರೆದಿರುತ್ತದೆ ಎನ್ನುವುದನ್ನು ನಾವೇ ಹೇಳಬಹುದು. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದರೆ ಹಾರುವ ಹನಿಗಳು ಮಣಿಗಳ ಹಾಗೆ ಗಾಳಿಯಲ್ಲೇ ನಿಂತುಬಿಡುತ್ತವೆ. ಹದಿನೈದರಲ್ಲೊಂದು ಪಾಲು ತೆರೆದರೆ ಅದೇ ನೀರು ಹತ್ತಿಯ ಹಾಗೆ, ಹೊಗೆಯ ಹಾಗೆ ಬರುತ್ತದೆ. ಆದರೆ ಅಷ್ಟು ಹೊತ್ತು ಕೈ ಅಲುಗಬಾರದು. ಅದಕ್ಕೆ ಅವನು ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ನಾನು ಬರೆದುಕೊಂಡೆ: 'ಚಿತ್ರ 9, ಕೋಡಿ, ಹದಿನೈದರಲ್ಲೊಂದು. ಅಮ್ಮನಿಗೆ.'

ಏರಿಯ ಮೇಲೆ ಒಬ್ಬರು ನಡೆದು ಬರುತ್ತಿದ್ದರು. ಮಡಚಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲೊಂದು ಕೋಲು. ಕಣ್ಣೆಲ್ಲ ಏರಿಯ ಹೊರಮೈ ಮೇಲೆ. ತೂಬಿನ ಉಸ್ತುವಾರಿ ಅವರದು. ಊರಿನಲ್ಲಿ ಈಗಲೂ ನೀರುಗಂಟಿ ಎಂದೇ ಕರೆಯುತ್ತಾರೆ.

"ಏನು ಹುಡುಕ್ತಾ ಇದೀರಿ?" ಎಂದು ಕೇಳಿದೆ.

"ಕೆರೆ ತುಂಬಿದಾಗ ಎಲ್ಲರೂ ಒಳಗಿನ ನೀರು ನೋಡ್ತಾರೆ ಸಾರ್. ನಾವು ಹೊರಗಿನ ನೀರು ನೋಡ್ತೀವಿ," ಎಂದರು. "ಏರಿ ಕೆಳಗೆ ಎಲ್ಲಾದ್ರೂ ಜಿನುಗ್ತಾ ಇರುತ್ತೆ. ಜಿನುಗೋ ನೀರು ತಿಳಿಯಾಗಿದ್ರೆ ಭಯ ಇಲ್ಲ. ಕದಡಿ ಕೆಂಪಗೆ ಬಂತು ಅಂದ್ರೆ ಒಳಗೆ ಮಣ್ಣು ಕೊಚ್ಚಿ ಹೋಗ್ತಾ ಇದೆ ಅಂತ ಅರ್ಥ. ಆಮೇಲೆ ನಿದ್ದೆ ಮಾಡೋ ಹಾಗಿಲ್ಲ."

ಅವರು ಹೋದ ಮೇಲೆ ಗೆಳೆಯ ಅಮ್ಮ ಹೇಳುತ್ತಿದ್ದ ಒಂದು ಹಳೆಯ ಕಥೆ ಹೇಳಿದ. ಒಂದು ಮಳೆಗಾಲದ ರಾತ್ರಿ ಕೆರೆಯ ದೇವಿ ನೀರುಗಂಟಿಯ ಎದುರು ಬಂದು, "ಏರಿ ಒಡೆದು ಹೋಗುತ್ತೇನೆ" ಎಂದಳಂತೆ. ಅವನು ಕೈ ಮುಗಿದು, "ತಾಯೀ, ಅರಸನಿಗೆ ಸುದ್ದಿ ಮುಟ್ಟಿಸಿ ಬರ್ತೀನಿ. ನಾನು ಬರೋವರೆಗೂ ತಡಿ" ಎಂದು ಮಾತು ತೆಗೆದುಕೊಂಡು ಓಡಿದ. ಅರಸನಿಗೆ ಸುದ್ದಿ ಮುಟ್ಟಿತು. ಆದರೆ ಅವನು ಹಿಂದಕ್ಕೆ ಬರಲೇ ಇಲ್ಲ. ಅರಸನೇ ಬರಗೊಡಲಿಲ್ಲ ಎನ್ನುವವರುಂಟು, ಅವನೇ ಪ್ರಾಣ ಬಿಟ್ಟ ಎನ್ನುವವರೂ ಉಂಟು. ಕೊಟ್ಟ ಮಾತಿಗೆ ಕಟ್ಟುಬಿದ್ದ ದೇವಿ ಇನ್ನೂ ಕಾಯುತ್ತಾ ಇದ್ದಾಳೆ, ಏರಿ ಇನ್ನೂ ನಿಂತಿದೆ.

ಕಥೆ ಕೇಳಿ ನಾನು ತಿರುಗಿ ನೋಡಿದೆ. ಕೋಲು ಹಿಡಿದವರು ಏರಿಯ ಆ ತುದಿಯಲ್ಲಿ ಕಡ್ಡಿಯಷ್ಟಾಗಿದ್ದರು. "ಅವರದೊಂದು ಫೋಟೋ ತೆಗೆಯೋ," ಎಂದೆ. "ಬೇಡ, ಇನ್ನೂ ಎರಡು ಕೆರೆ ಇದೆ. ರೀಲು ಉಳಿಸಬೇಕು," ಎಂದ ಅವನು.

ಮದಗದಕೆರೆ

ಮದಗದಕೆರೆ ಎಂಬ ಹೆಸರು ಕೇಳಿದರೆ ಕನ್ನಡಿಗರಿಗೆಲ್ಲ ಒಂದು ಜನಪದ ಗೀತೆ ನೆನಪಾಗುತ್ತದೆ. ಆ ಹೆಸರಿನ ಕೆರೆಗಳು ನಮ್ಮ ನಾಡಿನಲ್ಲಿ ಒಂದಕ್ಕಿಂತ ಹೆಚ್ಚಿವೆ. ನಾವು ನೋಡಿದ್ದು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯದು. ಮಧ್ಯಾಹ್ನ ಕಡೂರಿನಲ್ಲಿ ಬಿಸಿ ಊಟ ಮಾಡಿ ಅಲ್ಲಿಗೆ ಹೋಗುವಷ್ಟರಲ್ಲಿ ಮಳೆ ಸುರಿಯತೊಡಗಿತು. ಕಾಡು, ಗುಡ್ಡ, ಕೆರೆ ಎಲ್ಲವೂ ಒಂದೇ ಬೂದು ಬಣ್ಣ.

ಒಂದು ಗುಡಿಯ ಜಗಲಿಯ ಮೇಲೆ ಒಂದೂವರೆ ಗಂಟೆ ಕಾದೆವು. ಅಲ್ಲಿ ಐದಾರು ಶಾಲಾ ಮಕ್ಕಳೂ ಚೀಲ ತಲೆಗಿಟ್ಟುಕೊಂಡು ನಿಂತಿದ್ದರು. ಒಬ್ಬ ಹುಡುಗ ಯೆಜ್ಡಿಯನ್ನು ಸುತ್ತ ಬಂದು, "ಅಜ್ಜಾ, ಇದಕ್ಕೆ ಕಿಕ್ಕರ್ರೇ ಇಲ್ಲ!" ಎಂದ. ಗೆಳೆಯ ಗೇರ್ ಲಿವರನ್ನು ಮೇಲಕ್ಕೆ ತಿರುಗಿಸಿ ಒದ್ದು ತೋರಿಸಿದಾಗ ಮಳೆಯನ್ನೂ ಮೀರಿಸುವ ಚಪ್ಪಾಳೆ. ಅವರ ಫೋಟೋ ಕೂಡ ಅವನು ತೆಗೆಯಲಿಲ್ಲ. ಮಳೆ ತೆರಪು ಕೊಟ್ಟ ಹತ್ತು ನಿಮಿಷದಲ್ಲಿ ನೀರಿನ ಮೇಲೆ ಬಿದ್ದ ಬಿಸಿಲಿನ ಒಂದು ಪಟ್ಟಿಯನ್ನು ತೆಗೆದ. 'ಚಿತ್ರ 21' ಎಂದು ಬರೆದೆ.

ಮಾರಿಕಣಿವೆಯ ಜಾತ್ರೆ

ಮೂರನೆಯ ದಿನ ಹೊಸದುರ್ಗದ ದಾರಿಯಲ್ಲಿ ವೇದಾವತಿಯ ಹಿಂದೆಯೇ ಹೊರಟೆವು. ಮಲೆನಾಡಿನ ಹಸಿರು ಹಿಂದೆ ಸರಿದು, ತೆಂಗಿನ ತೋಟ ದಾಟಿ, ಕುರುಚಲು ಗುಡ್ಡಗಳ ಒಣ ಸೀಮೆ ಶುರುವಾಯಿತು. ಇಂಥ ಸೀಮೆಯಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಕಲ್ಲಿನ ಕಟ್ಟೆ ಕಟ್ಟಿ ಹೊಳೆಯನ್ನು ನಿಲ್ಲಿಸಿದ್ದಾರೆ. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಜನರ ಬಾಯಲ್ಲಿ ಅದು ಮಾರಿಕಣಿವೆ. ಮೈಸೂರು ಸಂಸ್ಥಾನದ ಕಾಲದಲ್ಲಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದಾಗ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದವರು ಅವರ ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಅವರ ನೆನಪಿಗೆ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರು. ಗುಡ್ಡದ ಮೇಲಿಂದ ನೋಡಿದರೆ ನೀರಿನ ಹರವು ಭಾರತದ ಭೂಪಟದಂತೆ ಕಾಣುತ್ತದೆ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ.

ಇದರ ಪೂರ್ಣ ಮಟ್ಟ 130 ಅಡಿ. ಒಣ ಸೀಮೆಯ ಈ ದೊಡ್ಡ ಪಾತ್ರೆ ಸುಲಭಕ್ಕೆ ತುಂಬುವುದಿಲ್ಲ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬಂದು ಸೇರುತ್ತದೆ. ಅದರ ಮೇಲೆ ಆ ವರ್ಷ ಮಳೆಯೂ ಚೆನ್ನಾಗಿತ್ತು. ನಾವು ಹೋದಾಗ ಅಲ್ಲಿ ಜಾತ್ರೆಯೇ ನಡೆದಿತ್ತು. ಟ್ರ್ಯಾಕ್ಟರುಗಳಲ್ಲಿ ಜನ, ಮಂಡಕ್ಕಿ-ಮೆಣಸಿನಕಾಯಿ ಅಂಗಡಿ, ಮೊರದ ಬಾಗಿನ ಹಿಡಿದ ಹೆಂಗಸರು. ಮೊಮ್ಮಗನ ಹೆಗಲು ಹಿಡಿದು ನಿಂತ ಅಜ್ಜ ಒಬ್ಬರು, "ನಮ್ಮಪ್ಪ ನೋಡಿದ್ದನಂತೆ. ನಾನು ನೋಡಲ್ಲ ಅಂದ್ಕೊಂಡಿದ್ದೆ" ಎನ್ನುತ್ತಿದ್ದರು.

ಗೆಳೆಯ ಒಂದಾದ ಮೇಲೊಂದು ಚಿತ್ರ ತೆಗೆದ. ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು. ರೀಲು ಮುಗಿದ ಮೇಲೆ ಲಿವರ್ ಬಿಗಿಯಾಗಬೇಕು. ಆಗಲಿಲ್ಲ. "ಒಂದೆರಡು ಹೆಚ್ಚಿಗೆ ಬರೋದುಂಟು," ಎಂದು ಮತ್ತೂ ತೆಗೆದ. ಮೂವತ್ತೆಂಟು. ಲಿವರ್ ಬೆಣ್ಣೆಯಲ್ಲಿ ಕೈಯಾಡಿಸಿದಷ್ಟು ಹಗುರಾಗಿ ತಿರುಗಿತು. ಅವನ ಮುಖದ ಬಣ್ಣ ಬದಲಾಯಿತು. ರೀಲು ಹಿಂದಕ್ಕೆ ಸುತ್ತುವ ಹಿಡಿಯನ್ನು ತಿರುಗಿಸಿದರೆ ಎರಡೇ ಸುತ್ತಿಗೆ ಸಡಿಲ. ಮುಚ್ಚಳ ತೆರೆದು ನೋಡಿದ.

ರೀಲಿನ ತುದಿ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಮೊದಲ ದಿನ ಚಕ್ಕುಲಿ ಡಬ್ಬ ಕೈಗೆ ಬಂದ ಹೊತ್ತಿನಲ್ಲಿ ಹಾಕಿದ್ದು. ಮೂರು ದಿನ ಅದು ಇದ್ದಲ್ಲೇ ಇತ್ತು. ಕ್ಯಾಮೆರಾದ ಕಣ್ಣು ಮೂವತ್ತೆಂಟು ಸಲ ತೆರೆದು ಮುಚ್ಚಿತ್ತು. ಏನನ್ನೂ ಹಿಡಿದಿರಲಿಲ್ಲ.

"ಲಿವರ್ ಎಳೆದಾಗ ಎಡಗಡೆ ಹಿಡಿಯೂ ತಿರುಗ್ತಾ ಇದ್ಯಾ ಅಂತ ನೋಡ್ಬೇಕು. ತಿರುಗಿದ್ರೆ ರೀಲು ಓಡ್ತಿದೆ ಅಂತ. ನಲವತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಟ್ಟಿದ್ದೀನಿ ಕಣೋ," ಎಂದ ಗೆಳೆಯ. ಮೆಣಸಿನಕಾಯಿ ಬೋಂಡಾ ಎರಡು ಪ್ಲೇಟ್ ತಂದೆ. ಅವನು ಮುಟ್ಟಲಿಲ್ಲ.

ನೋಟ್‌ಬುಕ್ ಓದಿದ ರಾತ್ರಿ

ಆ ರಾತ್ರಿ ಹಿರಿಯೂರಿನಲ್ಲಿ ಉಳಿದೆವು. ಸಮಾಧಾನ ಮಾಡಲೆಂದು ನಾನು ನೋಟ್‌ಬುಕ್ ತೆಗೆದು ಓದತೊಡಗಿದೆ. ಚಿತ್ರಗಳಿಲ್ಲದಿದ್ದರೂ ಪಟ್ಟಿ ಇತ್ತಲ್ಲ. "ಒಂದು, ಏರಿ ಮತ್ತು ಬೆಟ್ಟ. ಎರಡು, ಬೆಟ್ಟದ ನೆರಳು. ಮೂರು, ಮೋಡ. ನಾಲ್ಕು, ಕೊಕ್ಕರೆ..." ಹೀಗೆ ಮೂವತ್ತೆಂಟೂ ಓದಿ ಮುಗಿಸಿದೆ.

ಗೆಳೆಯ ಗೋಡೆ ನೋಡುತ್ತಾ ಕೂತಿದ್ದವನು, "ಇನ್ನೊಂದು ಸಲ ಓದು," ಎಂದ. ಓದಿದೆ.

"ಒಬ್ಬ ಮನುಷ್ಯನೂ ಇಲ್ಲ ನೋಡು," ಎಂದ.

ನಿಜ. ಬೆಟ್ಟ, ನೀರು, ಮೋಡ, ಬಿಸಿಲು, ಕೊಕ್ಕರೆ. ಏರಿ ಕಾಯುವವರು ಇರಲಿಲ್ಲ. ಜಗಲಿಯ ಮೇಲಿನ ಮಕ್ಕಳಿರಲಿಲ್ಲ. 'ನಮ್ಮಪ್ಪ ನೋಡಿದ್ದ' ಎಂದ ಅಜ್ಜ ಇರಲಿಲ್ಲ. ಯಾರಾದರೂ ಚೌಕಟ್ಟಿನೊಳಗೆ ಬಂದರೆ ಅವರು ಹೋಗುವವರೆಗೆ ಕಾದು ತೆಗೆದಿದ್ದೆವು! ಬುಟ್ಟಿ ಮಣ್ಣು ಹೊತ್ತು ಕಟ್ಟಿದ ಕೆರೆಯನ್ನು ತಾನಾಗಿಯೇ ಹುಟ್ಟಿದ್ದೇನೋ ಎಂಬಂತೆ ನೋಡಿ ಬಂದಿದ್ದೆವು.

ಮರುದಿನ ನಾವು ಮೈಸೂರಿಗೆ ಮರಳಬೇಕಿತ್ತು. ನನ್ನ ಸೊಂಟ ಮೂರು ದಿನದ ಲೆಕ್ಕ ಒಪ್ಪಿಸುತ್ತಿತ್ತು. ಅಯ್ಯನಕೆರೆಗೆ ಹಿಂದಿರುಗುವುದೆಂದರೆ ನೂರು ಕಿಲೋಮೀಟರಿಗೂ ಹೆಚ್ಚು, ಮನೆಯ ದಾರಿಯಂತೂ ಅಲ್ಲ. "ಇಲ್ಲಿನದೇ ನಾಲ್ಕು ಚಿತ್ರ ತೆಗೆದುಕೊಂಡು ಹೋಗೋಣ. ಅಮ್ಮನಿಗೆ ಗೊತ್ತಾಗಲ್ಲ," ಎಂದು ನಾನು ಹೇಳಿದೆ. ಹೇಳಿದ ಮೇಲೆ ನಾಚಿಕೆಯಾಯಿತು.

"ಅಮ್ಮನಿಗೆ ಗೊತ್ತಾಗುತ್ತೆ," ಎಂದಷ್ಟೇ ಹೇಳಿ ಅವನು ಚೀಲದ ತಳದಿಂದ ಎರಡನೇ ರೀಲು ತೆಗೆದ. ಈ ಸಲ ದೀಪದ ಕೆಳಗೆ ಕೂತು, ತುದಿಯನ್ನು ಸುರುಳಿಗೆ ಸಿಕ್ಕಿಸಿ, ಎರಡು ಸಲ ಲಿವರ್ ಎಳೆದು, ಎಡಗಡೆ ಹಿಡಿ ತಿರುಗಿತೇ ಎಂದು ನನ್ನಿಂದಲೂ ಪರೀಕ್ಷೆ ಮಾಡಿಸಿದ. ಫೋನಿನ ಕಾನೂನನ್ನು ಅವನೇ ರದ್ದು ಮಾಡಿದ.

ಮತ್ತೆ ಏರಿಯ ಮೇಲೆ

ಅಯ್ಯನಕೆರೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮೊದಲ ದಿನದ ಬಂಗಾರದ ಬೆಳಕಿಲ್ಲ. ಜಡಿಮಳೆ, ಶಕುನಗಿರಿ ಕಾಣುತ್ತಲೇ ಇಲ್ಲ. ಛಾಯಾಗ್ರಾಹಕರು ಕ್ಯಾಮೆರಾ ಒಳಗಿಡುವ ಹೊತ್ತು ಅದು.

ಆದರೆ ಕೋಲು ಹಿಡಿದವರು ಅಲ್ಲೇ ಇದ್ದರು. ಈಗ ತಲೆಯ ಮೇಲೊಂದು ಗೊಬ್ಬರದ ಚೀಲದ ಗೊಪ್ಪೆ. "ಏನ್ ಸಾರ್, ಮತ್ತೆ ಬಂದ್ರಿ?"

ನಡೆದದ್ದು ಹೇಳಿದೆವು. ಅವರು ಜೋರಾಗಿ ನಕ್ಕರು. ಗೆಳೆಯನೂ ಮೊದಲ ಸಲ ನಕ್ಕ. ಆಮೇಲೆ ಅವರು ನಮ್ಮನ್ನು ಕರೆದುಕೊಂಡು ಹೋಗಿ ಕೆರೆ ತೋರಿಸಿದರು. ಎರಡು ದಿನದ ಹಿಂದೆ ನಾವು ನೋಡದೇ ಬಿಟ್ಟದ್ದೆಲ್ಲ ಆಗ ಕಂಡಿತು. ಏರಿಯ ಮೇಲೆ ಮರದ ಸಸಿ ಬೇರುಬಿಟ್ಟ ಜಾಗ ತೋರಿಸಿ, "ಇದು ದೊಡ್ಡದಾಗಿ ಸತ್ತರೆ ಬೇರು ಕೊಳೆತು ಒಳಗೆ ಕೊಳವೆ ಆಗುತ್ತೆ, ನೀರಿಗೆ ದಾರಿ ಸಿಗುತ್ತೆ," ಎಂದು ಕಿತ್ತು ಹಾಕಿದರು. ಏಡಿ ಮತ್ತು ಹೆಗ್ಗಣ ತೋಡಿದ ಬಿಲಗಳನ್ನು ಎಲ್ಲಿ ಹುಡುಕಬೇಕು ಎಂದು ಹೇಳಿದರು. ಹಳೆಯ ಕೆರೆಗಳಲ್ಲಿ ತೂಬು ಎಂದರೆ ನೀರಿನೊಳಗೆ ನಿಂತ ಎರಡು ಕಲ್ಲುಕಂಬ, ನಡುವೆ ಮೇಲೆ ಕೆಳಗೆ ಎಳೆಯುವ ಒಂದು ಉದ್ದನೆಯ ಗಳ, ಅದರ ತುದಿಗೆ ಬಿರಡೆ. ಅದನ್ನು ಎತ್ತಲು ನೀರಿಗಿಳಿದು ಈಜಿ ಹೋಗುತ್ತಿದ್ದ ಹಿರಿಯರ ಮಾತು ಹೇಳಿದರು. "ನಮ್ಮಪ್ಪ ಮಾಡಿದ್ದು, ನಮ್ಮ ತಾತ ಮಾಡಿದ್ದು. ತುದಿ ಗದ್ದೆಯವನಿಗೂ ನೀರು ಮುಟ್ಟಿದ ಮೇಲೇ ತಾತ ಊಟಕ್ಕೆ ಕೂರ್ತಿದ್ದಿದ್ದು," ಎಂದರು.

ಈ ಸಲ ನೋಟ್‌ಬುಕ್ಕಿನಲ್ಲಿ ನಾನು ಹದಿನೈದರಲ್ಲೊಂದು, ಸಾವಿರದಲ್ಲೊಂದು ಎಂದು ಬರೆಯಲಿಲ್ಲ. ಅವರ ಹೆಸರು, ಅಪ್ಪನ ಹೆಸರು, ತಾತನ ಹೆಸರು ಬರೆದುಕೊಂಡೆ.

ಗೆಳೆಯ ಅವರನ್ನು ಕೋಡಿಯ ಪಕ್ಕದ ದಂಡೆಯ ಮೇಲೆ ನಿಲ್ಲಿಸಿ ಚಿತ್ರ ತೆಗೆದ. ಹಿಂದೆ ಬಿಳಿ ನೀರು, ಮುಂದೆ ಅವರು, ತಲೆಯ ಮೇಲೆ ಗೊಪ್ಪೆ. ಗುಂಡಿ ಒತ್ತುವಾಗ ನಾನು ಕ್ಯಾಮೆರಾದ ಎಡಗಡೆಯ ಹಿಡಿಯನ್ನೇ ನೋಡುತ್ತಿದ್ದೆ. ಅವನು ಲಿವರ್ ಎಳೆದ. ಹಿಡಿ ತಿರುಗಿತು.

ಮಕ್ಕಳೇ, ಮುಂದಿನ ಭಾನುವಾರಕ್ಕೆ

ನಿಮ್ಮ ಊರಿನಲ್ಲೂ, ಅಜ್ಜನ ಊರಿನಲ್ಲೂ ಒಂದು ಕೆರೆ ಇದ್ದೇ ಇರುತ್ತದೆ. ಅಜ್ಜ ಅಥವಾ ಅಜ್ಜಿಯ ಜೊತೆ ಹೋಗಿ ಮೂರು ವಿಷಯ ಪತ್ತೆ ಮಾಡಿ: ನೀರು ಎಲ್ಲಿಂದ ಬರುತ್ತದೆ? ತೂಬು ಎಲ್ಲಿದೆ? ಕೋಡಿಯ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ? ಒಂದು ಹಾಳೆಯಲ್ಲಿ ನಕ್ಷೆ ಬರೆಯಿರಿ. ಕೆರೆಯನ್ನು ನೋಡಿಕೊಳ್ಳುತ್ತಿದ್ದವರು ಯಾರು ಎಂದು ಊರಿನ ಹಿರಿಯರನ್ನು ಕೇಳಿ, ಹೆಸರನ್ನೂ ಬರೆಯಿರಿ. ಒಂದು ಮಾತು ಮಾತ್ರ ಮರೆಯಬೇಡಿ: ಕೋಡಿಯ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಮೊಣಕಾಲುದ್ದದ ನೀರಿಗೂ ದೊಡ್ಡವರನ್ನು ಎಳೆದೊಯ್ಯುವ ಶಕ್ತಿ ಇರುತ್ತದೆ. ಫೋಟೋಕ್ಕಾಗಿ ಯಾರೂ ನೀರಿಗಿಳಿಯಬಾರದು, ದಂಡೆಯಿಂದಲೇ ನೋಡಿ.

ಅಮ್ಮನ ಕೈಗೆ

ರೀಲು ತೊಳೆಸಲು ಬೆಂಗಳೂರಿಗೆ ಕಳಿಸಿದೆವು. ಲಕೋಟೆ ಬರುವವರೆಗೆ ಗೆಳೆಯ ನನಗೆ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಬಂದ ದಿನ ನಾನೂ ಹೋದೆ. ಅಮ್ಮ ಕಿಟಕಿಯ ಬೆಳಕಿಗೆ ಕುರ್ಚಿ ಎಳೆಸಿಕೊಂಡು ಕೂತರು. ಮೊದಲು ಕೈಗೆ ಬಂದದ್ದು ಕೋಡಿಯ ಚಿತ್ರ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು. ನಾವಿಬ್ಬರೂ ಅವರ ಮುಖ ನೋಡುತ್ತಾ ನಿಂತಿದ್ದೆವು.

"ಇವನು ಯಾರ ಮನೆ ಹುಡುಗ?" ಎಂದು ಕೇಳಿದರು.

ಆ 'ಹುಡುಗ'ನಿಗೆ ಐವತ್ತು ದಾಟಿದೆ. ನಾನು ನೋಟ್‌ಬುಕ್ ತೆಗೆದು ಅವರ ಹೆಸರು ಓದಿದೆ. ಅಮ್ಮ ತಲೆಯಾಡಿಸಿದರು, ಗೊತ್ತಿಲ್ಲ. ಅಪ್ಪನ ಹೆಸರು ಓದಿದೆ. ಅದೂ ನೆನಪಿಗೆ ಬರಲಿಲ್ಲ. ತಾತನ ಹೆಸರು ಓದಿದೆ.

ಅಮ್ಮ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡರು. "ಅವನೇ ಕಣ್ರೋ ನಮ್ಮ ಗದ್ದೆಗೆ ನೀರು ಬಿಡ್ತಿದ್ದಿದ್ದು. ನಾವು ಹುಡುಗೀರು ಬಾಗಿನ ಬಿಡೋಕೆ ಹೋದಾಗ, 'ಕೋಡಿ ಹತ್ರ ಹೋಗಬೇಡಿ' ಅಂತ ಕೋಲು ತೋರಿಸಿ ಓಡಿಸ್ತಿದ್ದ," ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಉಳಿದ ಚಿತ್ರಗಳನ್ನು ಮರಿಮೊಮ್ಮಗಳು ಶಾಲೆಗೆ ಒಯ್ದಳು. ಅದೊಂದನ್ನು ಮಾತ್ರ ಅಮ್ಮ ಯಾರಿಗೂ ಕೊಡಲಿಲ್ಲ. ಪಂಚಾಂಗದ ನಡುವೆ ಇಟ್ಟುಕೊಂಡಿದ್ದಾರೆ. ಹೋದಾಗಲೆಲ್ಲ ನನಗೂ ತೋರಿಸುತ್ತಾರೆ.